ಹಿತ್ತಾಳೆ ಸೌಟಿನ ಸಿಟ್ಟು

ನಾನು ಒಂದು ಸೌಟು. ಹಿತ್ತಾಳೆಯ ಬಟ್ಟಲು, ಕಬ್ಬಿಣದ ಹಿಡಿ, ನಡುವೆ ಎರಡು ರಿವೆಟ್ಟು. ಒಡೆದ ಕೊಡವೊಂದನ್ನು ಬಡಿದು ಬಡಿದು ನನ್ನನ್ನು ಮಾಡಿದರು. ಆ ಪೆಟ್ಟುಗಳನ್ನು ನಾನಿನ್ನೂ ಕ್ಷಮಿಸಿಲ್ಲ.

ಮೊದಲ ಕೆಲಸ ಕಲಬುರಗಿಯಲ್ಲಿ, ದಾಲ್‌ಮಿಲ್ ಎದುರಿನ ಖಾನಾವಳಿಯಲ್ಲಿ. ಅಲ್ಲಿ ತೊಗರಿ ಹೊಟ್ಟು ಎಷ್ಟು ಹಾರುತ್ತಿತ್ತೆಂದರೆ, ಬಾಗಿಲಲ್ಲಿ ಮಲಗಿದ ಬಿಳಿ ನಾಯಿ ಏಳುವಾಗ ಹಳದಿ ನಾಯಿಯಾಗಿರುತ್ತಿತ್ತು. ಅಡುಗೆಯ ಕಾಶೀಬಾಯಿ ನನ್ನಿಂದ ಬೇಳೆ ಬಡಿಸಿದರೆ, ಉಂಡ ಹಮಾಲರು ಚೀಲ ಬಿಟ್ಟು ಲಾರಿಯನ್ನೇ ಎತ್ತುತ್ತಿದ್ದರು. ಒಮ್ಮೆ ಎತ್ತಿದವರು ಇಳಿಸಲು ಮರೆತು ಮನೆಗೆ ಹೋದರು. ಡ್ರೈವರ್ ಏಣಿ ಕೇಳಿಕೊಂಡು ಬಂದದ್ದನ್ನು ನಾನು ಕಂಡಿದ್ದೇನೆ.

ಖಾನಾವಳಿ ಮುಚ್ಚಿದಾಗ ಕಾಶೀಬಾಯಿ ನನ್ನನ್ನು ಸೆರಗಿನಲ್ಲಿ ಸುತ್ತಿ ಮನೆಗೆ ತಂದಳು. ಅವಳ ಮೊಣಕಾಲು ಸೋತ ಮೇಲೆ ಸೊಸೆ ಮಹಾನಂದಾಳ ಕೈಗೆ ಬಂದೆ. ಅಲ್ಲಿಂದ ನನ್ನ ಮಾನ ಹೋಯಿತು.

ಮಹಾನಂದಾಳ ಮಗಳು ನೀಲಿಗೆ ಐದು ವರ್ಷ. ಬೇಳೆ ಕಂಡರೆ ತುಟಿ ಹೊಲಿದುಕೊಂಡು ಕೂರುವಳು. ಅನ್ನದಲ್ಲಿ ಬಚ್ಚಿಟ್ಟರೆ ಹೆಕ್ಕಿ ತೆಗೆದು ಗಂಗಾಳದ ಅಂಚಿಗೆ ಅಂಟಿಸುವಳು. ಅಂಗನವಾಡಿಯ ತಕ್ಕಡಿಯಲ್ಲಿ ಅವಳ ತೂಕ ಏರಲೇ ಇಲ್ಲ. "ಬ್ಯಾಳಿ ಹೊಟ್ಟಿಗಿ ಹೋಗಬೇಕ್ರಿ" ಎಂದರು ಟೀಚರ್. ತಾಯಿಗೆ ಜೀವವೇ ಹಾರಿದಂತಾಯಿತು. ಹೆದರಿದವಳು ನನ್ನನ್ನು ಎತ್ತಿದಳು, ಬಡಿಸುವುದಕ್ಕಲ್ಲ.

"ಉಣ್ತಿಯೋ, ಇಲ್ಲಾ ಸೌಟಿಲೆ ಕೊಡ್ಲೇನ?"

"ಒಲ್ಲೆ!"

"ತೊಗರಿ ಊರಾಗ ಹುಟ್ಟಿ ಬ್ಯಾಳಿ ಒಲ್ಲೆ ಅಂತೀಯಾ? ಮಂದಿ ನಗ್ತಾರ!"

ಮಗುವಿಗೆ ಅವಳು ಒಂದು ದಿನವೂ ಹೊಡೆಯಲಿಲ್ಲ. ನನ್ನನ್ನು ಗೋಡೆಗೆ ಬಡಿಯುತ್ತಿದ್ದಳು, ಕಟ್ಟೆಗೆ ಬಡಿಯುತ್ತಿದ್ದಳು. ನೀಲಿ ನಡುಗುತ್ತಿದ್ದದ್ದು ನನ್ನನ್ನು ನೋಡಿ! ಮರುಕ್ಷಣ ನನ್ನಿಂದಲೇ ಬೇಳೆ ಸುರಿದರೆ ಆ ಕೂಸು ಹೇಗೆ ಉಂಡೀತು? ಹಸಿದವರಿಗೆ ಉಣಿಸಿದ ನಾನೇನು ಪೊಲೀಸರ ಲಾಠಿಯೇ? ಮೈಯೆಲ್ಲ ಉರಿಯುತ್ತಿತ್ತು. ಬಿಸಿ ಬೇಳೆಯಿಂದಲ್ಲ.

ಕಾಶೀಬಾಯಿಗೂ ಸಹನೆ ಮೀರಿತು. "ಏ ಮಹಾನಂದಾ, ಅದು ಬಡಸೋ ಸೌಟವ್ವಾ. ದನಾ ಹೊಡಿಯೋ ಬಡಿಗಿ ಅಲ್ಲ."

"ಹಂಗಾರ ನಿಮ್ಮ ಮಮ್ಮಗಳಿಗಿ ನೀವೇ ಉಣಸ್ರಿ, ಅತ್ತಿ!" ಎನ್ನುತ್ತ ಮಹಾನಂದಾ ಆ ಸಿಟ್ಟನ್ನೂ ಸೇರಿಸಿ ನನ್ನನ್ನು ಕಟ್ಟೆಗೆ ಅಪ್ಪಳಿಸಿದಳು.

ಎರಡೂ ರಿವೆಟ್ಟು ಹಾರಿದವು. ಹಿಡಿ ಅವಳ ಕೈಯಲ್ಲೇ ಉಳಿಯಿತು. ಬಟ್ಟಲಾದ ನಾನು ಉರುಳುತ್ತ ಹೋಗಿ ನೀಲಿಯ ಕಾಲಿಗೆ ತಾಗಿ ನಿಂತೆ.

ನೀಲಿ ನನ್ನನ್ನು ಬೆರಳಿನಿಂದ ಮುಟ್ಟಿ ನೋಡಿದಳು. ಎತ್ತಿ ತಿರುಗಿಸಿದಳು.

"ಆಯೀ, ಇದು ಇನ್ನ ಹೊಡಿಯಂಗಿಲ್ಲೇನ?" ಎಂದು ಅಜ್ಜಿಯನ್ನು ಕೇಳಿದಳು.

"ಎಲ್ಲಿಂದ ಹೊಡಿತದ ಕೂಸ? ಅದರ ಕೈಯೇ ಮುರದದ" ಎಂದಳು ಕಾಶೀಬಾಯಿ.

ನೀಲಿ ನನ್ನ ರಿವೆಟ್ಟಿನ ಎರಡು ತೂತಿಗೆ ಎರಡು ಬೆರಳು ಒತ್ತಿದಳು. ಆರಿದ ಬೇಳೆಯ ಪಾತ್ರೆಗೆ ನನ್ನನ್ನು ಅದ್ದಿ, ಎತ್ತಿ, ಕುಡಿದಳು. ಹಳದಿ ಮೀಸೆ ಮೂಡಿತು. ಮತ್ತೆ ಅದ್ದಿದಳು.

"ನೆಲಕ್ಕ ಬಿದ್ದದ್ದದ, ತೊಳಕೊಂಡಾದ್ರೂ ಕುಡಿಯೇ!" ಎಂದು ಮಹಾನಂದಾ ರೇಗಿದಳು. ರೇಗುತ್ತಲೇ ಅಳು ಬಂದು ಅಲ್ಲಿಯೇ ಕುಸಿದು ಕೂತಳು.

ನೀಲಿ ಈಗ ಹೈಸ್ಕೂಲಿಗೆ ಹೋಗುತ್ತಾಳೆ, ಎಲ್ಲರಂತೆ ಗಂಗಾಳದಲ್ಲಿ ಉಣ್ಣುತ್ತಾಳೆ. ನಾನು ಗೋಡೆಯ ಗೂಡಿನ ಮೂಲೆಯಲ್ಲಿ ಕೂತಿದ್ದೇನೆ. ಹಿಡಿ ಒಲೆ ಕೆದಕುತ್ತಿದೆ. ಅದರ ಯೋಗ್ಯತೆಗೆ ಅಷ್ಟು ಸಾಕು. ಮಹಾನಂದಾ ಆಗಾಗ ನನ್ನನ್ನು ಒರೆಸಿ, "ಹಿಡಿಗಿ ಒಂದ ಬೆಸುಗಿ ಹಾಕ್ಸಿದ್ರ ಸರಿ ಆಗ್ತದ" ಎನ್ನುತ್ತಾಳೆ.

ಹಾಕಿಸಿ ನೋಡಲಿ.