ಬರ್ತೀನಿ ಎನ್ನದ ಸುಜ್ಞಾನಮ್ಮ

ಸಾವಿರದ ಒಂಬೈನೂರ ತೊಂಬತ್ತೊಂಬತ್ತನೆಯ ಇಸವಿ ಜುಲೈ ತಿಂಗಳ ಎರಡನೆಯ ಭಾನುವಾರ, ಮಧ್ಯಾಹ್ನ ಹನ್ನೆರಡೂವರೆಗೆ, ಚಾಮರಾಜಪೇಟೆಯ ಒಂದು ವಠಾರದಲ್ಲಿ ಲೋಕವ್ಯವಹಾರವನ್ನೇ ಬದಲಿಸಬಹುದಾದ ತೀರ್ಮಾನವೊಂದು ಆಯಿತು. ಸುಜ್ಞಾನಮ್ಮನವರು ಇನ್ನು ಮುಂದೆ ಯಾರ ಮನೆಯಿಂದ ಎದ್ದು ಹೊರಟರೂ ‘ಬರ್ತೀನಿ’ ಎನ್ನುವುದಿಲ್ಲ.

ಲೋಕಕ್ಕೆ ಇದು ತಿಳಿಯಲಿಲ್ಲ. ತಿಳಿದಿದ್ದರೂ ಅದಕ್ಕೇ ಹೆಚ್ಚು ಆಯುಸ್ಸು ಉಳಿದಿರಲಿಲ್ಲ. ಅಂದು ಬೆಳಗಿನ ಆರಾಧನೆಯಲ್ಲಿ ಪಾಸ್ಟರ್ ದೇವಪ್ರಿಯರು ಹೇಳಿದ ಪ್ರಕಾರ ಕರ್ತನ ಎರಡನೆಯ ಬರೋಣ, ಅಂದರೆ ಯೇಸು ಮರಳಿ ಬಂದು ಲೋಕ ಮುಗಿಯುವ ದಿನ, ಎರಡು ಸಾವಿರದ ಇಸವಿಯ ಬಾಗಿಲಲ್ಲೇ ಇತ್ತು. “ನಾಳೆ ಮಾಡ್ತೀನಿ, ನಾಡಿದ್ದು ಬರ್ತೀನಿ ಅಂತೀರಲ್ಲ, ನಾಳೆ ಏನು ನಿಮ್ಮಪ್ಪಂದಾ?” ಎಂದು ಅವರು ಮೈಕಿನಲ್ಲಿ ಕೇಳಿದಾಗ ನಲವತ್ತು ಜನ ‘ಆಮೆನ್’ ಎಂದು ಊಟಕ್ಕೆ ಹೋದರು. ಸುಜ್ಞಾನಮ್ಮ ಒಬ್ಬರೇ ಅದನ್ನು ಪ್ರಶ್ನೆ ಎಂದು ತಿಳಿದು, ಉತ್ತರ ಯೋಚಿಸುತ್ತ ಮನೆಗೆ ನಡೆದರು.

ಅದು ಕಸುಬಿನ ದೋಷ. ಅವೆನ್ಯೂ ರಸ್ತೆಯ ಅಚ್ಚುಕೂಟವೊಂದರಲ್ಲಿ ಮೂವತ್ತೊಂದು ವರ್ಷ ಕರಡು ತಿದ್ದಿ ನಿವೃತ್ತರಾದವರು. ಅಚ್ಚಿನ ಮೊಳೆ ಜೋಡಿಸುವ ಕೆಂಚಪ್ಪ ಒಮ್ಮೆ ಸುವಾರ್ತೆಯ ಕರಪತ್ರದಲ್ಲಿ, ಯೇಸುವಿನ ಬಾಯಲ್ಲಿ ‘ಬರುತ್ತೇನೆ’ ಎಂದಿರಬೇಕಾದಲ್ಲಿ ‘ಬರುತ್ತೇನೋ’ ಎಂದು ಜೋಡಿಸಿಟ್ಟಿದ್ದ. “ಒಂದಕ್ಷರ ಅಲ್ವೇನಮ್ಮ, ಅಡ್ಜಸ್ಟ್ ಮಾಡ್ಕೊಳ್ಳಿ” ಎಂದೂ ಹೇಳಿದ. ಸುಜ್ಞಾನಮ್ಮ ಓಡುತ್ತಿದ್ದ ಯಂತ್ರವನ್ನೇ ನಿಲ್ಲಿಸಿದರು. ಅಂಥವರು, ನಾಳೆ ತಮ್ಮದಲ್ಲವೆಂದ ಮೇಲೆ, ನಾಳೆ ಬರುವುದಾಗಿ ಮಾತು ಕೊಡುವುದು ಹೇಗೆ?

ಮೊದಲು ಸಿಕ್ಕವಳು ತರಕಾರಿಯ ದೊಡ್ಡಮುನಿಯಮ್ಮ. ಮರುದಿನ ಬೆಳಿಗ್ಗೆ ಏಳಕ್ಕೆ ಎರಡು ಮೂಲಂಗಿ ಕೊಂಡು ಸುಜ್ಞಾನಮ್ಮ “ಹೋಗ್ತೀನಮ್ಮ” ಎಂದರು.

“ಬೋಣಿ ಟೈಮಲ್ಲಿ ಹೋಗ್ತೀನಿ ಅಂತೀಯಲ್ಲಕ್ಕ! ಬರ್ತೀನಿ ಅನ್ನು.”

“ನಾಳೆ ಬರ್ತೀನೋ ಇಲ್ವೋ ನಂಗೇನ್ ಗೊತ್ತು?”

“ನೀನ್ ಬರ್ದಿದ್ರೆ ಮೂಲಂಗಿ ಏನ್ ಅಳಲ್ಲ. ಬಾಯಲ್ಲಿ ಅನ್ನಕ್ಕೇನ್ ರೋಗ?”

ದೊಡ್ಡಮುನಿಯಮ್ಮನ ಕೋಪ ಮೂಲಂಗಿ ಖಾಲಿಯಾಗುವವರೆಗೆ. ಎದುರು ಮನೆಯ ಆಂಡಾಳ್ ವಿಷಯ ಬೇರೆ. ಸುಜ್ಞಾನಮ್ಮನವರಿಗೆ ಮದುವೆಯಾಗಿರಲಿಲ್ಲ, ಇದ್ದೊಬ್ಬ ತಮ್ಮ ಕೋಲಾರದಲ್ಲಿ ತೀರಿಕೊಂಡಿದ್ದ. ಪ್ರಾರ್ಥನೆಯನ್ನು ಬಿಟ್ಟರೆ ಅವರು ದಿನದಲ್ಲಿ ಬಾಯಿಬಿಟ್ಟು ಮಾತಾಡುತ್ತಿದ್ದುದು ಸಂಜೆ ಐದರಿಂದ ಆರೂವರೆ, ಆಂಡಾಳ್ ಅವರ ನಡುಮನೆಯಲ್ಲಿ. ಹದಿನಾಲ್ಕು ವರ್ಷದಿಂದ ಹೀಗೆ. ಆ ಮನೆಯಲ್ಲಿ ಅವರ ಧರ್ಮದ ಬಗ್ಗೆ ತಕರಾರಿರಲಿಲ್ಲ, ತಮಾಷೆಯಿತ್ತು. ಕರಪತ್ರವೊಂದನ್ನು ಕೊಟ್ಟಾಗ ಆಂಡಾಳ್ ಕನ್ನಡಕ ಏರಿಸಿ, “ಎರಡನೆಯ ಬರೋಣ... ಎಲ್ಲಿಗ್ರೀ ಬರೋಣ? ಮೊದಲನೇ ಸಲ ನನ್ನ ಬಿಟ್ಟು ಹೋಗ್ಬಂದ್ರಾ?” ಎಂದಿದ್ದರು. ಅದು ನಾಮಪದ, ಬರುವಿಕೆ ಎಂದರ್ಥ, ಹಳೆಯ ಪ್ರಯೋಗ ಎಂದು ಸುಜ್ಞಾನಮ್ಮ ಕಾಲು ಗಂಟೆ ವಿವರಿಸಿದ್ದರು. ಇಬ್ಬರಿಗೂ ಅದು ಒಳ್ಳೆಯ ಸಂಜೆಯಾಗಿತ್ತು.

ತೀರ್ಮಾನವಾದ ಮೇಲೆ ಮೂರು ವಾರ ಸುಜ್ಞಾನಮ್ಮ ಆ ಮನೆಯಿಂದ ನಕ್ಕು, ತಲೆಯಾಡಿಸಿ, ಹೇಗೋ ಹೊರಬಿದ್ದರು. “ಏನ್ರೀ, ಹಾಲು ಕುಡಿದ ಬೆಕ್ಕಿನ ಹಾಗೆ ಜಾರ್ಕೊಳ್ತೀರಾ” ಎಂದು ಆಂಡಾಳ್ ಕೇಳಿದ್ದೂ ಆಯಿತು. ಆಗಸ್ಟಿನಲ್ಲಿ ಆಂಡಾಳ್ ಅವರ ಯಜಮಾನರು ಬದರೀನಾರಾಯಣರಿಗೆ ಹೃದಯದ ಆಪರೇಷನ್ ನಿಗದಿಯಾಯಿತು. ಆಸ್ಪತ್ರೆಗೆ ಸೇರುವ ಹಿಂದಿನ ಸಂಜೆ ಮಲ್ಲೇಶ್ವರದಿಂದ ಯಜಮಾನರ ಅಕ್ಕ ಅಲಮೇಲು ಬಂದಿದ್ದರು. ಸುಜ್ಞಾನಮ್ಮ ಮೂರು ದಿನ ಉಪವಾಸವಿದ್ದು ಪ್ರಾರ್ಥಿಸಿದ್ದನ್ನು ಹೇಳಿದರು.

“ಒಳ್ಳೇದಾಯ್ತು,” ಎಂದರು ಬದರೀನಾರಾಯಣರು. “ಸರ್ಜನ್ನು ಯಾವ ದೇವರ ಕಡೆಯೋನೋ ಗೊತ್ತಿಲ್ಲ. ಎಲ್ಲಾರ್ಗೂ ಒಂದ್ಮಾತು ಹೇಳಿಡೋದು ವಾಸಿ.”

ಎಲ್ಲರೂ ನಕ್ಕರು. ಆ ನಗುವಿನಲ್ಲೇ ಜಾರಿಕೊಂಡಿದ್ದರೆ ಆಗುತ್ತಿತ್ತು. ಸುಜ್ಞಾನಮ್ಮ ಎದ್ದು, ಇಂಥ ದಿನ ಸುಮ್ಮನೆ ಹೊರಡುವುದು ಸರಿಯಲ್ಲವೆಂದು, “ಹೋಗ್ತೀನಿ, ಆಂಡಾಳಮ್ಮ” ಎಂದರು.

ಅಲಮೇಲು ತಮ್ಮನ ಮುಖ ನೋಡಿದರು.

“ಬರ್ತೀನಿ ಅನ್ನಿ,” ಎಂದರು ಆಂಡಾಳ್, ಮೆಲ್ಲಗೆ.

ಸುಜ್ಞಾನಮ್ಮ ಇಕ್ಕಟ್ಟಿಗೆ ಸಿಕ್ಕಿದರು. ಸುಳ್ಳಾಡುವಂತಿಲ್ಲ, ಸ್ನೇಹಿತೆಯ ಮುಖ ನೋಡುವಂತಿಲ್ಲ. ಕೊನೆಗೆ ತಮ್ಮ ಸಭೆಯವರು ಒಪ್ಪುವ ಮಧ್ಯದ ದಾರಿಯೊಂದು ಹೊಳೆಯಿತು.

“ಕರ್ತನ ಚಿತ್ತವಾದ್ರೆ... ಬರ್ತೀನಿ.”

ಅವರ ಸಭೆಯಲ್ಲಿ ಕರ್ತ ಎಂದರೆ ದೇವರು. ಅಲಮೇಲು ಅವರ ಮನೆತನದಲ್ಲಿ ಕರ್ತ ಎಂದರೆ ತಿಥಿಗೆ ಕೂರುವವನು.

“ಕರ್ತನಾ?” ಅಲಮೇಲು ಎದ್ದೇ ನಿಂತರು. “ಆಪರೇಷನ್‌ಗೆ ಹೋಗೋರ ಮುಂದೆ ಕರ್ತ ಯಾರು ಅಂತ ಈಗ್ಲೇ ಗೊತ್ತುಮಾಡ್ತಿದೀರೇನ್ರೀ?”

“ಅಯ್ಯೋ, ಅದಲ್ಲ, ಆ ಶಬ್ದಕ್ಕೆ ನಮ್ಮಲ್ಲಿ...”

“ನೀವು ಹೋಗಿ,” ಎಂದರು ಆಂಡಾಳ್. ಹೋಗಿಬನ್ನಿ ಎನ್ನಲಿಲ್ಲ.

ಆಪರೇಷನ್ ಚೆನ್ನಾಗಿ ಆಯಿತು. ಬದರೀನಾರಾಯಣರು ಹನ್ನೆರಡನೆಯ ದಿನ ಮನೆಗೆ ಬಂದು ಮೊದಲಿಗಿಂತ ಜಾಸ್ತಿ ಗೊಣಗತೊಡಗಿದರು. ಕೆಟ್ಟದ್ದೇನೂ ಆಗಲಿಲ್ಲವಾದ್ದರಿಂದ ಯಾರೂ ಯಾರನ್ನೂ ಕ್ಷಮಿಸುವ ಸಂದರ್ಭ ಒದಗಲಿಲ್ಲ. ಸಂಜೆ ಐದಕ್ಕೆ ಆ ಬಾಗಿಲು ಮುಚ್ಚಿರುತ್ತಿತ್ತು. ಸುಜ್ಞಾನಮ್ಮ ತಮ್ಮ ಕೋಣೆಯ ಮಂಚದ ಮೇಲೆ ಕೂತು ಹಳೆಯ ಕರಪತ್ರಗಳನ್ನು ಓದಿಕೊಂಡರು, ತಪ್ಪು ಸಿಗಲಿಲ್ಲ. ಒಂದು ಗುರುವಾರ ಹಾಲಿನವನು ಏನೋ ಕೇಳಿದಾಗ ಅವರ ದನಿಯೇ ಹೊರಡಲಿಲ್ಲ. ಯೋಚಿಸಿ ನೋಡಿದರೆ ಸೋಮವಾರದಿಂದ ಅದನ್ನು ಯಾರ ಮುಂದೆಯೂ ಬಳಸಿರಲಿಲ್ಲ.

ಭಾನುವಾರ ಪಾಸ್ಟರನ್ನು ಸ್ಕೂಟರಿನ ಬಳಿ ಹಿಡಿದರು.

“ಅಮ್ಮಾ, ನಾನ್ ಹೇಳಿದ್ದು ಸೈಟು, ಮನೆ ಅಂತ ಒದ್ದಾಡೋರಿಗೆ. ಬರ್ತೀನಿ ಅಂದ್ರೆ ಬರ್ತೀನಿ ಅಂತಲಾ? ಹೋಗ್ತೀನಿ ಅಂತ. ಇಡೀ ಬೆಂಗ್ಳೂರಿಗೆ ಗೊತ್ತು.”

“ಮೈಕಲ್ಲಿ ಹಾಗೆ ಬಿಡಿಸಿ ಹೇಳ್ಲಿಲ್ಲ ನೀವು.”

“ಹೇಳ್ಬೇಕಿತ್ತು,” ಎಂದು ಪಾಸ್ಟರು ಸ್ಕೂಟರ್ ಒದ್ದರು. “ಬರ್ತೀನಮ್ಮ.”

ದಾರಿಯಲ್ಲಿ ಸುಜ್ಞಾನಮ್ಮನವರಿಗೆ, ತಾವು ಕಾಯುತ್ತಿರುವಾತನೂ ಹೊರಡುವಾಗ ಅದನ್ನೇ ಹೇಳಿ ಹೋದನಲ್ಲ ಎನ್ನಿಸಿತು. ಎರಡು ಸಾವಿರ ವರ್ಷವಾಗುತ್ತ ಬಂದರೂ ಆತನನ್ನು ಸುಳ್ಳ ಎಂದು ಅವರು ಅಂದಿರಲಿಲ್ಲ. ‘ಬರ್ತೀನಿ’ ಎನ್ನುವುದು ಯಾವಾಗ ಬರುತ್ತೇವೆಂದು ಹೇಳಲಿಕ್ಕಲ್ಲ. ಹೋಗುವವರು ಉಳಿಯುವವರನ್ನು ಬಿಟ್ಟಿಲ್ಲ ಎನ್ನಲಿಕ್ಕೆ. ಇದು ಅವರಿಗೆ ಮೂವತ್ತೊಂದು ವರ್ಷ ತಿದ್ದಿದರೂ ಹೊಳೆದಿರಲಿಲ್ಲ.

ಅಂದು ಸಂಜೆ ಐದಕ್ಕೆ ಎದುರು ಮನೆಯ ಬಾಗಿಲು ತಟ್ಟಿದರು. ಆಂಡಾಳ್ ಸರಪಳಿ ತೆಗೆಯದೆ ನೋಡಿದರು.

“ಹೇಗಿದ್ದಾರೆ?”

“ಇದ್ದಾರೆ.”

“ಊಟ?”

“ಉಪ್ಪಿಲ್ಲ. ಬೈತಾರೆ.”

“ಬರ್ತೀನಿ, ಆಂಡಾಳಮ್ಮ.”

ಆಂಡಾಳ್ ‘ಬನ್ನಿ’ ಎನ್ನದೆ ಬಾಗಿಲು ಹಾಕಿದರು. ಆದರೆ ಸುಜ್ಞಾನಮ್ಮ ಬರ್ತೀನಿ ಎಂದಾಗಿತ್ತು, ಈ ವಿಷಯದಲ್ಲಿ ಅವರು ಇಡೀ ಬೆಂಗಳೂರಿನ ಮಾತು ಕೇಳಲು ತಯಾರಿರಲಿಲ್ಲ. ಮರುದಿನ ಐದಕ್ಕೆ ಹೋದರು. ಹೋದಾಗ ಮತ್ತೆ ಬರ್ತೀನಿ ಎಂದರು, ಎಂದದ್ದಕ್ಕೆ ಮತ್ತೆ ಹೋದರು. ದೀಪಾವಳಿಯ ದಿನವೂ ಹೋದರು. ಕ್ರಿಸ್‌ಮಸ್ಸಿಗೆ ತಟ್ಟೆಯಲ್ಲಿ ತಿಂಡಿ ಹಿಡಿದು ನಿಂತು “ಮೊಟ್ಟೆ ಹಾಕಿಲ್ಲ” ಎಂದರು. “ಗೊತ್ತು,” ಎಂದು ಆಂಡಾಳ್ ಸರಪಳಿ ತೆಗೆದು ತಟ್ಟೆ ಒಳಗಿಟ್ಟುಕೊಂಡರು.

ಎರಡು ಸಾವಿರದ ಇಸವಿ ಹುಟ್ಟಿತು; ಜನವರಿ ಒಂದರಂದು ಲೋಕ ಇದ್ದ ಹಾಗೇ ಇತ್ತು. ಐದಕ್ಕೆ ಸುಜ್ಞಾನಮ್ಮ ಹೋದರು. ಮೂರನೆಯ ತಾರೀಖು ಆಂಡಾಳ್ ಬಾಗಿಲ ಹೊರಗೆ ಒಂದು ಕುರ್ಚಿ ಹಾಕಿದರು. ಒಳಗೆ ಕರೆಯಲಿಲ್ಲ.