ಉತ್ತಿಯನ ಮಗನ ಕ್ಷೌರ

"ಒಂದು ಗಾಡಿ ಸೌದೆಗೆ ಒಂದು ಬೆಳ್ಳಿ ಕಹಾಪಣ. ಈ ಮನೆ ಬಾಗಿಲಿಗೆ ತಂದಿದ್ದಕ್ಕೆ ಇನ್ನೊಂದು," ಎಂದು ಸೌದೆ ಮಾರುವ ಪಿಂಗಿಯ, ಎತ್ತಿನ ಹಗ್ಗ ಬಿಡದೆಯೇ, ಹೇಳಿದ. "ನಾಳೆ ನನ್ನ ಹತ್ರ ಯಾರೂ ಕೊಳ್ಳಲ್ಲ, ಗೊತ್ತಲ್ಲ."

ಚಾಪಾ ಕಾಲಿನ ಕಡಗ ಕಿತ್ತು ಅವನ ಮುಂದೆ ಎಸೆದಳು. "ಇಳಿಸು. ಹಸಿ ಸೌದೆ ಸೇರ್ಸಿದ್ರೆ ನಿನ್ನ ಗಾಡೀನೇ ಉರೀಗೆ ಹಾಕ್ತೀನಿ."

ಒಳಗೆ ಅವಳ ಗಂಡ, ರಾಜಗೃಹದ ಕ್ಷೌರಿಕ ಉತ್ತಿಯ, ಸತ್ತು ಮಲಗಿದ್ದ. ಕೊಳ್ಳಿ ಇಡುವ ಮಗನ ತಲೆಯನ್ನು ಕೂಟದ ಹಿರಿಯನೇ ಬೋಳಿಸಬೇಕು, ಅದು ಕ್ಷೌರಿಕರ ಕಟ್ಟಳೆ. ಅಪ್ಪನ ಪಾಲಿನ ಬೀದಿ, ಅಲ್ಲಿ ಕ್ಷೌರ ಮಾಡುವ ಹಕ್ಕು, ಮಗನಿಗೆ ಸೇರುವುದು ಹಾಗೆ. ಬೋಳಿಸದಿದ್ದರೆ ಮಗ ಕುಲದಿಂದ ಹೊರಗೆ. ಮಗ ನಂದಿಯ ಮಿಂದು, ಒದ್ದೆ ಕೂದಲು ಇಳಿಬಿಟ್ಟು ಮಣೆಯ ಮೇಲೆ ಕೂತಿದ್ದ. ಹೊತ್ತು ವಾಲಿತ್ತು. ಹಿರಿಯ ಕಾಳಕ ಬಂದಿರಲಿಲ್ಲ.

"ಅವ್ನು ಬರ್ತಾನೇನೇ?" ಎಂದಳು ಕುಂಬಾರರ ರೋಹಿಣಿ. "ನಿನ್ನ ಗಂಡಂದು ದೊರೆಯ ಅಂಗಾಲು ಸೀಳಿದ ಕೈ ಅಂತ ಊರೆಲ್ಲಾ..."

"ರೋಹಿಣಕ್ಕ, ಚಟ್ಟ ಕಟ್ಟೋಕೆ ಬಂದಿದೀಯ. ಕಟ್ಟು."

*

ಅದು ಆರು ವರ್ಷದ ಹಿಂದಿನ ಮಾತು. ಅಜಾತಶತ್ರು ತಂದೆ ಬಿಂಬಿಸಾರನನ್ನು ಸೆರೆಗೆ ಹಾಕಿ ಅನ್ನ ನಿಲ್ಲಿಸಿದ್ದ. ಮುದಿ ದೊರೆ ಸಾಯಲಿಲ್ಲ. ಬುದ್ಧನ ಮಾತು ನೆನೆಯುತ್ತ, ಕೋಣೆಯ ಉದ್ದಕ್ಕೂ ಮೆಲ್ಲಗೆ ನಡೆಯುತ್ತ ಬದುಕಿದ್ದ. ನಡೆಯದಂತೆ ಅಂಗಾಲು ಸೀಳಬೇಕೆಂದು ಅರಮನೆಯ ಕ್ಷೌರಿಕನಿಗೆ ಅಪ್ಪಣೆಯಾಯಿತು.

ಅರಮನೆಯ ಕ್ಷೌರಿಕ ಕಾಳಕ. ಆ ಬೆಳಿಗ್ಗೆ ಅವನು ಮಣಿಕಟ್ಟಿಗೆ ಬಟ್ಟೆ ಸುತ್ತಿಕೊಂಡು ಉತ್ತಿಯನ ಮನೆಗೆ ಬಂದ. "ಕೈ ಉಳುಕಿದೆ ಕಣಪ್ಪಾ. ನೀನು ಹೋಗ್ಬಾ." ಏನು ಕೆಲಸವೆಂದು ಹೇಳಲಿಲ್ಲ.

ಸಂಜೆ ಉತ್ತಿಯ ಹಿಂತಿರುಗಿ ಅಂಗಳದಲ್ಲೇ ಕುಸಿದು ಕೂತ. ಇಟ್ಟ ಗಂಜಿ ಮುಟ್ಟಲಿಲ್ಲ.

"ಮುದಿ ದೊರೆ ನನ್ನ ನೋಡಿ ನಕ್ರು ಕಣೇ. ಮಗನ ಮನಸ್ಸು ಕರಗ್ತು, ಕ್ಷೌರಕ್ಕೆ ಕಳಿಸಿದಾನೆ ಅಂದ್ಕೊಂಡ್ರು. ಗಡ್ಡ ಎತ್ತಿ ಕೂತ್ರು."

"ನೀನೇನ್ ಮಾಡ್ದೆ?"

"ಬೆನ್ನ ಹಿಂದೆ ಈಟಿ ಹಿಡ್ದೋರು ನಿಂತಿದ್ರು."

ಆಮೇಲೆ ಊರಲ್ಲಿ ಯಾರೂ ಅವನಿಗೆ ಕೆನ್ನೆ ಒಡ್ಡಲಿಲ್ಲ. ಎಮ್ಮೆಗಳ ಮೈ ಬೋಳಿಸಿ ಮನೆ ನಡೆಸಿದ.

*

ಕೊನೆಗೂ ಕಾಳಕ ಬಂದ. ಅಂಗಳದ ಒಳಗೆ ಕಾಲಿಡದೆ ನಿಂತ.

"ಹುಡುಗನ್ನ ಬೋಳಿಸ್ತೀನಿ ಚಾಪಾ. ಆದ್ರೆ ಎಲ್ಲರ ಮುಂದೆ ನೀನೊಂದು ಮಾತು ಹೇಳ್ಬೇಕು. ನನ್ನ ಗಂಡ ಬಹುಮಾನದ ಆಸೆಗೆ ತಾನಾಗೇ ಹೋದ ಅಂತ. ಕೂಟಕ್ಕೆ ಕಳಂಕ ಬೇಡ."

"ಕೈ ಉಳುಕು ವಾಸಿಯಾಯ್ತಾ ಹಿರಿಯರೇ?"

ರೋಹಿಣಿ ಸೆರಗಿನಲ್ಲಿ ನಗು ಮುಚ್ಚಿಕೊಂಡಳು.

"ಹಳೇದ್ಯಾಕೆ ಈಗ?"

"ಮಾರನೇ ದಿನಾನೇ ವಾಸಿಯಾಗಿತ್ತು. ಅಪ್ಪಣೆ ಕೊಟ್ಟೋನ ಗಲ್ಲಾನ ದಿನಾ ಬೆಳಿಗ್ಗೆ ನೀವೇ ಸವರ್ತೀರಿ. ಅವ್ನು ತಪ್ಪಾಯ್ತು ಅಂತ ಬುದ್ಧನ ಕಾಲಿಗೆ ಬಿದ್ದ ಅಂತ ಊರು ಕೊಂಡಾಡ್ತದೆ. ನನ್ನ ಗಂಡ ಯಾರ ಕಾಲಿಗೆ ಬೀಳ್ಬೇಕಿತ್ತು? ನಿಮ್ಮ ಕಾಲಿಗಾ?"

ಕಾಳಕನ ಮುಖ ಕಪ್ಪಿಟ್ಟಿತು. "ಸತ್ತೋನಿಗೆ ಮಾನ ಅಂತ ಹೋಗಿ ಇರೋನ ಅನ್ನ ಕಳೀಬೇಡ."

ಆ ಮಾತು ನಾಟಿತು. ಚಾಪಾ ಮಗನನ್ನು ನೋಡಿದಳು. ಇಪ್ಪತ್ತರ ಪ್ರಾಯ. ಕಾಳಕನ ಕಡೆ ತಿರುಗಿದಳು. "ಆಯ್ತು, ಹೇಳ್ತೀನಿ. ನನ್ನ ಗಂಡ..."

ನಂದಿಯ ಮಣೆಯಿಂದ ಎದ್ದ.

"ಅವ್ವಾ, ಸಾಕು. ಎಮ್ಮೆ ಬೋಳ್ಸೋದು ನಂಗೂ ಬರ್ತದೆ." ಕಾಳಕನತ್ತ ತಿರುಗಿ, "ನಿಮ್ಮನೇದು ಇದ್ರೆ ಹೊಡ್ಕೊಂಡ್ಬನ್ನಿ ಹಿರಿಯರೇ. ಜಾತಿ ಕೇಳಲ್ಲ ಅವು," ಎಂದ.

ಚಟ್ಟಕ್ಕೆ ಹೆಗಲು ಕೊಟ್ಟವರು ಕುಂಬಾರರು. ಸೀತವನದ ಮಸಣದಲ್ಲಿ ನಂದಿಯ ತನ್ನ ಬೋಳಿಸದ ಕೂದಲನ್ನು ಗಂಟು ಕಟ್ಟಿ ಚಿತೆಗೆ ಕೊಳ್ಳಿ ಇಟ್ಟ. ಅಪ್ಪನ ಬೀದಿ ಹೋಯಿತು, ಕುಲ ಹೋಯಿತು, ಕುಲದಲ್ಲಿ ಹೆಣ್ಣು ಸಿಗುವ ಮಾತೂ ಹೋಯಿತು. ಗಾಳಿ ತಿರುಗಿ ಕಿಡಿಯೊಂದು ಹಾರಿ ಅವನ ತಲೆಯ ಮೇಲೆ ಕೂತಿತು. ಪಕ್ಕದಲ್ಲಿ ನಿಂತಿದ್ದ ಚಾಪಾ ಅದನ್ನು ಎರಡು ಬೆರಳಲ್ಲಿ ಹಿಸುಕಿ ಆರಿಸಿ, ಸುಟ್ಟ ಕೂದಲನ್ನು ಒಂದೊಂದಾಗಿ ಬಿಡಿಸತೊಡಗಿದಳು.