ಡ್ರ್ಯಾಗನ್ ಕೋಣೆಯ ನಾಲ್ಕನೆಯ ಹಾಸಿಗೆ

"ತೊಟ್ಟಿಯೊಳಗೆ ನಿಂತು ಸ್ನಾನ ಮಾಡೋ ಹೋಟ್ಲು ಬೇಡಪ್ಪ. ಕಾಲು ಗೀಲು ಜಾರಿದ್ರೆ ನಿಮ್ಮ ರಜ ಪೂರ್ತಿ ಆಸ್ಪತ್ರೇಲೇ ಕಳೀಬೇಕಾಗುತ್ತೆ," ಎಂದರು ನಾರಾಯಣಸ್ವಾಮಿ.

ಕಿಂಗ್ಸ್‌ಬರಿಯ ಮನೆಯ ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ತೆರೆದು ಕೂತಿದ್ದ ಮಗ ಮಧುಸೂದನ್ ಥೀಮ್ ಪಾರ್ಕಿನ ಹೋಟೆಲುಗಳಲ್ಲಿ ಕಡಲುಗಳ್ಳರ ಹಡಗಿನಂತೆ ಅಲಂಕರಿಸಿದ್ದನ್ನು ಕೈಬಿಟ್ಟ. ಕಾಡಿನಂತೆ ಮಾಡಿದ್ದನ್ನು ಸೊಸೆ ವೈದೇಹಿ ಮೊದಲೇ ತಳ್ಳಿಹಾಕಿದ್ದಳು. ಅಲ್ಲಿ ಹಾಸಿಗೆಯ ತಲೆಯ ಹತ್ತಿರವೇ ಹೆಡೆಯೆತ್ತಿದ ಹಾವಿನ ಚಿತ್ರವಿತ್ತು. ಉಳಿದದ್ದು ಕೋಟೆಯಂಥದ್ದು. ಥೀಮ್ ಪಾರ್ಕಿನ ಬಾಗಿಲಿಗೇ ಅಂಟಿಕೊಂಡಿದ್ದ ಆ ಹೋಟೆಲಿನಲ್ಲಿ ಡ್ರ್ಯಾಗನ್ ಕೋಣೆ ಎಂಬುದೊಂದಿತ್ತು. ದೊಡ್ಡವರಿಬ್ಬರಿಗೆ ಅಗಲವಾದ ಮಂಚ, ಗುಹೆಯಂತೆ ಮಾಡಿದ ಮೂಲೆಯಲ್ಲಿ ಮೇಲೊಂದು ಕೆಳಗೊಂದು ಹಾಸಿಗೆ, ಸ್ನಾನಕ್ಕೆ ಬರೀ ಶವರ್. ಏಳು ವರ್ಷದ ಅಮೋಘ್ ಆಗಲೇ ಹಂಚಿಕೆ ಮುಗಿಸಿದ್ದ.

"ಐ ಆ್ಯಮ್ ಟಾಪ್, ತಾತ ಬಾಟಮ್."

"ಗುಹೆ ಬಾಗ್ಲಲ್ಲಿ ಮುದಿ ಡ್ರ್ಯಾಗನ್ ಮಲಗಿರುತ್ತೆ ಅನ್ನು," ಎಂದು ತಾತ ಹಲ್ಲು ಕಿರಿದು ತೋರಿಸಿದರು.

ತೊಡಕಿದ್ದದ್ದು ತಾರೀಖಿನಲ್ಲಿ. ಶಾಲೆಗೆ ರಜ ಬರುವುದು ಅಕ್ಟೋಬರ್ ಕೊನೆಗೆ. ನಾರಾಯಣಸ್ವಾಮಿಯವರು ಮೈಸೂರಿಗೆ ಹಿಂದಿರುಗುವುದು ಅದಕ್ಕೂ ಎರಡು ವಾರ ಮೊದಲು. ತಾತನನ್ನು ಬಿಟ್ಟು ಹೋಗೋಣವೇ ಎಂದು ವೈದೇಹಿ ಮೆಲ್ಲಗೆ ಕೇಳಿದ್ದಕ್ಕೆ ಅಮೋಘ್ ಲ್ಯಾಪ್‌ಟಾಪನ್ನು ರಪ್ಪನೆ ಮುಚ್ಚಿ, ಮೇಜಿನ ಕೆಳಗೆ ಹೋಗಿ ಕೂತುಬಿಟ್ಟ. ಮಧುಸೂದನನಿಗೂ ಒಳಗೊಳಗೆ ತಂದೆ ಜೊತೆಗೆ ಬರಲೆಂಬ ಆಸೆ. ಅಪ್ಪ ಮತ್ತೆ ಇಷ್ಟು ದೂರ ಬರುತ್ತಾರೋ ಇಲ್ಲವೋ ಯಾರಿಗೆ ಗೊತ್ತು! ಶಾಲೆಯಿದ್ದರೂ ಸರಿಯೆಂದು ಮುಂದಿನ ವಾರಕ್ಕೇ ಕೋಣೆ ಕಾದಿರಿಸಿದ.

"ಸ್ಕೂಲಿಗೆ ಏನು ಹೇಳ್ತೀರಾ?" ಎಂದಳು ವೈದೇಹಿ.

"ನಾನು ನೋಡ್ಕೋತೀನಿ ಬಿಡು," ಎಂದ.

ಮರುದಿನ ಊಟದ ಬಿಡುವಿನಲ್ಲಿ ಆಫೀಸಿನ ಮೆಟ್ಟಿಲ ಬಳಿ ನಿಂತು ಶಾಲೆಗೆ ಫೋನ್ ಮಾಡಿದ. ತಿರುಗಾಟಕ್ಕೆಂದರೆ ರಜ ಕೊಡುವುದಿಲ್ಲವೆಂದು ಶಾಲೆಯ ಎಲ್ಲ ತಂದೆತಾಯಿಯರಿಗೂ ಗೊತ್ತು. ಜ್ವರವೆನ್ನೋಣವೆಂದರೆ ಮುಂದಿನ ವಾರ ಬರುವ ಜ್ವರವನ್ನು ಈಗಲೇ ಹೇಳುವುದು ಹೇಗೆ? ಅವನಿಗೆ ತೋಚಿದ್ದು ಇನ್ನೊಂದೇ.

"ನಮ್ಮ ಮನೆಯಲ್ಲಿ ಸಾವಾಗಿದೆ," ಎಂದು ಇಂಗ್ಲಿಷಿನಲ್ಲಿ ಹೇಳಿದ. "ನನ್ನ ತಂದೆ. ನಿನ್ನೆ ರಾತ್ರಿ. ಮುಂದಿನ ವಾರ ಅಮೋಘನನ್ನು ಕರೆದುಕೊಂಡು ಊರಿಗೆ ಹೋಗಬೇಕು."

ಟ್ಯೂಬ್ ರೈಲು ತಡವಾಯಿತು ಎನ್ನುವಷ್ಟು ಸಲೀಸಾಗಿ ಬಂತು ಮಾತು. ಅತ್ತ ಕಡೆ ಶಾಲೆಯ ಆಫೀಸಿನ ಹೆಂಗಸು ಉದ್ಗರಿಸಿದಳು:

"ಅಯ್ಯೋ ದೇವರೇ! ಮಧ್ಯಾಹ್ನ ಗೇಟಿಗೆ ಬರುತ್ತಿದ್ದರಲ್ಲ, ಕಂದು ಉಣ್ಣೆ ಟೋಪಿ ಹಾಕಿಕೊಂಡು... ಅವರೇನಾ?"

ಅಲ್ಲ, ಬೇರೆ ಯಾರೋ ಎನ್ನಬಹುದಿತ್ತು. ತಪ್ಪಾಯಿತು ಎಂದು ಫೋನ್ ಇಟ್ಟಿದ್ದರೂ ಆಗುತ್ತಿತ್ತು. ಮಧುಸೂದನ್ "ಹೌದು, ಅವರೇ," ಎಂದುಬಿಟ್ಟ.

"ನನಗೆ ದಿನಾ ಕೈಮುಗಿಯುತ್ತಿದ್ದರು," ಎಂದಳು ಆಕೆ. ಅವಳ ಗಂಟಲು ಕಟ್ಟಿತು. ಇವನದು ಕಟ್ಟಲಿಲ್ಲ.

ಫೋನ್ ಇಟ್ಟ ಮೇಲೆಯೇ ಅವನಿಗೆ ಗೇಟಿನ ನೆನಪಾದದ್ದು. ಬೆಳಿಗ್ಗೆ ಮಗನನ್ನು ಶಾಲೆಗೆ ಬಿಡುವುದು ವೈದೇಹಿ. ಆದರೆ ಮಧ್ಯಾಹ್ನ ಕರೆತರುವುದು ಅಪ್ಪನ ಕೆಲಸ, ಈ ಊರಿನಲ್ಲಿ ಅವರಿಗಿದ್ದ ಒಂದೇ ಕೆಲಸ. ಇನ್ನೆರಡು ಗಂಟೆಗೆ ಸತ್ತ ಮನುಷ್ಯ ಟೋಪಿ ಹಾಕಿಕೊಂಡು ಆ ಗೇಟಿನ ಮುಂದೆ ನಿಲ್ಲುತ್ತಾರೆ. ಅವನು ಗಡಿಬಿಡಿಯಲ್ಲಿ ಮನೆಗೆ ಫೋನ್ ಮಾಡಿದ.

"ಅಪ್ಪ, ಇವತ್ತು ಸ್ಕೂಲಿಗೆ ನೀವು ಹೋಗ್ಬೇಡಿ. ನಾನೇ ಬೇಗ ಬರ್ತಿದ್ದೀನಿ. ಚಳಿ ಜಾಸ್ತಿ ಇದೆ."

"ನಿನ್ನೇಗಿಂತ ಕಮ್ಮೀನೇ ಇದೆಯಲ್ಲೋ. ಮಗುಗೆ ಬಾಳೆಹಣ್ಣೂ ಆಗ್ಲೇ ಜೇಬಿಗೆ ಹಾಕ್ಕೊಂಡಿದ್ದೀನಿ."

"ಬೇಡಪ್ಪ, ಹೇಳಿದ್ದು ಕೇಳಿ."

"ಆಗ್ಲಿ ಬಿಡು. ನೀನು ಹೇಳ್ದಂಗೆ," ಎಂದರು. ಏನು ತಪ್ಪು ಮಾಡಿದೆನೋ ಎಂದು ಅವರು ಯೋಚಿಸುತ್ತಿರುವುದು ಆ ದನಿಯಲ್ಲೇ ತಿಳಿಯಿತು.

ತಲೆನೋವೆಂದು ಹೇಳಿ ಆಫೀಸಿನಿಂದ ಹೊರಬಿದ್ದ. ಸ್ಟೇಷನ್ನಿನತ್ತ ನಡೆಯುತ್ತ ವೈದೇಹಿಗೆ ಫೋನಿನಲ್ಲಿ ಎಲ್ಲ ಹೇಳಿದ.

"ರೀ, ನಿಮಗೇನು ಬುದ್ಧಿ ಗಿದ್ಧಿ ಇದೆಯಾ?" ಎಂದಳು ಅವಳು. "ನಮ್ಮಪ್ಪ ಹೋಗಿ ಎಷ್ಟು ವರ್ಷ ಆಯ್ತು. ಅವರನ್ನೇ ಹೇಳ್ಬಾರದಿತ್ತಾ? ಇರೋರನ್ನ ಯಾಕೆ ಸಾಯಿಸಿದ್ರಿ?"

ಮಾವ ನೆನಪಿಗೇ ಬಂದಿರಲಿಲ್ಲ. ತಂದೆ ಅಷ್ಟು ಬೇಗ ಬಾಯಿಗೆ ಬಂದರಲ್ಲ ಎಂಬುದೇ ರೈಲಿನುದ್ದಕ್ಕೂ ಅವನನ್ನು ಕೊರೆಯಿತು.

ಗೇಟಿನಲ್ಲಿ ಅಮೋಘನ ಟೀಚರು ಕೈ ಹಿಡಿದುಕೊಂಡೇ ಅವನನ್ನು ಕರೆತಂದರು. ಹುಡುಗನ ಮುಖ ಊದಿಕೊಂಡಿತ್ತು. ಬಂದವನು ಅಪ್ಪನನ್ನು ನೋಡಲಿಲ್ಲ. ಅಪ್ಪನ ಹಿಂದೆ, ತಾತ ನಿಲ್ಲುವ ಲೈಟುಕಂಬದ ಕಡೆ ನೋಡಿದ. ಅಲ್ಲಿ ಯಾರೂ ಇರಲಿಲ್ಲ. ಟೀಚರು ಮಧುಸೂದನನ ತೋಳು ಮುಟ್ಟಿ, "ತುಂಬ ಒಳ್ಳೆಯವರಾಗಿದ್ದರು," ಎಂದರು. ಮಗನಿಗೆ ಏನೂ ಹೇಳದೆ ಶಾಲೆಗೆ ಮಾತ್ರ ಹೇಳಿದ್ದೆನೆಂಬುದು ಆಗ ಅವನಿಗೆ ಹೊಳೆಯಿತು. ನಿಂತ ನೆಲ ಬಾಯಿಬಿಡಬಾರದೇ ಅನ್ನಿಸಿತು.

ರಸ್ತೆ ತಿರುಗಿದ ಕೂಡಲೇ ಮಂಡಿಯೂರಿ ಕೂತು ಹೇಳಿದ: "ತಾತಂಗೆ ಏನೂ ಆಗಿಲ್ಲ ಪುಟ್ಟ. ಮನೇಲೇ ಇದ್ದಾರೆ."

"ಮಿಸ್ ಸೆಡ್ ಹಿ ಡೈಡ್."

"ಮಿಸ್‌ಗೆ ಗೊತ್ತಿಲ್ಲ."

ಹುಡುಗ ನಂಬಲಿಲ್ಲ. ಬೆಳಿಗ್ಗೆ ತಾತನೇ ನನಗೆ ಶೂ ಹಾಕಿದರು ಎಂದು ಅವನು ಮಿಸ್‌ಗೆ ಹೇಳಿದ್ದನಂತೆ. ಅವರು ಹಾಗೇ ಯಾವಾಗಲೂ ನಿನ್ನ ಜೊತೆಗೇ ಇರುತ್ತಾರೆ ಎಂದು ಮಿಸ್ ತಬ್ಬಿಕೊಂಡಿದ್ದರಂತೆ. ಇದಿಷ್ಟನ್ನೂ ಇಂಗ್ಲಿಷಿನಲ್ಲಿ ಬಿಕ್ಕುತ್ತ ಹೇಳಿ, ಅಪ್ಪನ ಕೈ ಬಿಡಿಸಿಕೊಂಡು ಮನೆಯತ್ತ ಓಡಿದ.

ಬಾಗಿಲು ತೆರೆದವರು ನಾರಾಯಣಸ್ವಾಮಿಯವರೇ. ಅಮೋಘ್ ಹೊಸ್ತಿಲಲ್ಲೇ ನಿಂತ. ಕೈ ಚಾಚಿ ಅವರ ಕೆನ್ನೆ ಮುಟ್ಟಿದ. ಕಿವಿ ಹಿಡಿದು ಎಳೆದ. ಆಮೇಲೆ ಅವರ ಸ್ವೆಟರಿನಲ್ಲಿ ಮುಖ ಹುದುಗಿಸಿ ಹೋ ಎಂದು ಅಳತೊಡಗಿದ.

"ಯಾಕೋ ಮರಿ, ಯಾರು ಹೊಡೆದ್ರು?"

"ತಾತ, ಯು ಡೈಡ್!"

ಅವರು ನಗಲು ಹೊರಟರು. ಹಿಂದೆ ಬಂದು ನಿಂತ ಮಗನ ಮುಖ ಕಂಡು ನಗು ನಿಂತಿತು.

ಮಧುಸೂದನ್ ಶೂ ಕೂಡ ಬಿಚ್ಚದೆ, ನೆಲ ನೋಡುತ್ತ, ಎಲ್ಲವನ್ನೂ ಹೇಳಿದ. ಟೋಪಿಯ ವಿಷಯವನ್ನೂ, ಕೈಮುಗಿಯುತ್ತಿದ್ದ ವಿಷಯವನ್ನೂ ಬಿಡಲಿಲ್ಲ. ನಾರಾಯಣಸ್ವಾಮಿಯವರು ಮೊಮ್ಮಗನ ಬೆನ್ನು ಸವರುತ್ತ ಕೇಳಿಸಿಕೊಂಡರು.

"ಸತ್ತೋನಿಗೂ ಒಂದು ಹಾಸಿಗೆ ಹಾಕ್ಸಿದ್ದೀಯಲ್ಲ, ದೊಡ್ಡ ಮನಸ್ಸು ಕಣೋ ನಿಂದು," ಎಂದರು ಕೊನೆಗೆ. ಆಮೇಲೆ ತಾವೇ ಮಾತು ಮುಂದುವರಿಸಿದರು. "ನಮ್ಮಜ್ಜಿ ತಲೆ ಮೇಲೆ ಒಂದ್ಸಲ ಕಾಗೆ ಕೂತ್ಬಿಡ್ತು. ಅಪಶಕುನ ಅಂತ, ಅಜ್ಜಿ ಹೋಗ್ಬಿಟ್ರು ಅಂತ ಅವರ ತವರಿಗೆ ಸುಳ್ಳು ಸುದ್ದಿ ಕಳಿಸಿದ್ರು. ಅವರೆಲ್ಲ ಬಾಯಿ ಬಡ್ಕೊಂಡು ಓಡಿ ಬಂದ್ರೆ ಅಜ್ಜಿ ಜಗಲೀಲಿ ಕೂತು ಎಲೆಅಡಿಕೆ ಹಾಕ್ತಿದ್ರು. ಕೇಳಿದೋರು ಅತ್ತುಬಿಟ್ರೆ ದೋಷ ಕಳೀತು ಅಂತ ಲೆಕ್ಕ. ನಮ್ಮ ಕಡೆ ಇದೇನು ಹೊಸದಲ್ಲ."

ಅಪ್ಪ ತನ್ನನ್ನು ಹಗುರ ಮಾಡಲೆಂದೇ ಇದನ್ನು ಹೇಳುತ್ತಿದ್ದಾರೆಂದು ಮಧುಸೂದನನಿಗೆ ಗೊತ್ತಾಯಿತು. ಅದರಿಂದ ಇನ್ನಷ್ಟು ಕುಗ್ಗಿದ.

"ಅಲ್ಲ, ಸುಮ್ನೆ ಕೇಳ್ತೀನಿ," ಎಂದರು ಅವರು, ಅವನ ಕಡೆ ನೋಡದೆ. "ಅಪ್ಪ ಹೋಗ್ಬಿಟ್ರು ಅಂತ ಹೇಳ್ತಾ ನಿಂಗೆ ನಾಲಿಗೇನಾದ್ರೂ ತಡವರಿಸ್ತಾ?"

ಹೌದೆಂದು ಹೇಳುವುದು ಎಷ್ಟು ಸುಲಭವಿತ್ತು!

"ಇಲ್ಲಪ್ಪ," ಎಂದ.

ನಾರಾಯಣಸ್ವಾಮಿಯವರು ತಲೆದೂಗಿದರು. "ಇರ್ಲಿ ಬಿಡು. ನಾನು ಹೊರಡೋಕ್ಕೆ ಇನ್ನೆಷ್ಟು ದಿನ ಇದೆ? ಅಲ್ಲೀವರ್ಗೂ ಗೇಟ್ ಕಡೆ ಹೋಗಲ್ಲ. ಯಾರ್ ಕಣ್ಣಿಗೂ ಬೀಳಲ್ಲ. ನೀನು ಸ್ಕೂಲಿಗೆ ಏನೂ ಹೇಳಕ್ಕೆ ಹೋಗ್ಬೇಡ, ಮಗು ಆಸೆ ಕೆಡುತ್ತೆ." ಹಾಗೆಂದು ಅಮೋಘನನ್ನು ಎತ್ತಿಕೊಳ್ಳಲು ನೋಡಿ, ಮಂಡಿ ಸಹಕರಿಸದೆ, ಕೈಹಿಡಿದು ಅಡಿಗೆಮನೆಗೆ ಕರೆದುಕೊಂಡು ಹೋದರು.

ಮಧುಸೂದನ್ ನಡುಮನೆಯಲ್ಲಿ ಒಬ್ಬನೇ ನಿಂತಿದ್ದ. ಸ್ವಲ್ಪ ಹೊತ್ತಿನ ಮೇಲೆ ಫೋನ್ ತೆಗೆದು ಶಾಲೆಯ ನಂಬರು ಒತ್ತಿದ. ರಜ ಹೋಗುತ್ತದೆ, ಕೋಣೆ ಹೋಗುತ್ತದೆ, ಇನ್ನು ಆ ಗೇಟಿನಲ್ಲಿ ತಲೆಯೆತ್ತಿ ನಿಲ್ಲುವುದೂ ಹೋಗುತ್ತದೆ. ಹೋಗಲಿ. ಹೇಳಬೇಕಾದದ್ದು ಒಂದೇ ಮಾತು, ಅಪ್ಪ ಬದುಕಿದ್ದಾರೆ ಎಂದು.

ಅದೇ ಹೆಂಗಸು. ಹೆಸರು ಕೇಳಿದ ಕೂಡಲೇ ಅವಳ ದನಿ ಮೆತ್ತಗಾಯಿತು.

"ನನ್ನ ತಂದೆ..." ಎಂದ ಮಧುಸೂದನ್.

ಮುಂದಿನ ಮಾತು ಬರಲಿಲ್ಲ. ಗಂಟಲು ಕೆರೆದು ಮತ್ತೆ ಮೊದಲಿನಿಂದ ಶುರುಮಾಡಿದ. "ನನ್ನ ತಂದೆ..." ಅಡಿಗೆಮನೆಯಿಂದ ಅಪ್ಪನ ಸ್ವರ ಕೇಳುತ್ತಿತ್ತು: "ಬಿಸಿ ಇದೆ, ಊದ್ಕೊಂಡು ಕುಡಿ. ಹ್ಞಾಂ, ಹಂಗೆ."

"ಪರವಾಗಿಲ್ಲ," ಎಂದಳು ಆಕೆ ಫೋನಿನಲ್ಲಿ. "ನಿಧಾನವಾಗಿ ಹೇಳಿ. ನನಗೆ ಅರ್ಥವಾಗುತ್ತದೆ. ನಾನು ಕಾಯುತ್ತೇನೆ."